ತೂಕ ತಿಳಿಯದ ನೆರಳು

ಆ ನಕ್ಷತ್ರವನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಬರಿಗಣ್ಣಿಗೆ ಕಾಣುವಷ್ಟು ಬೆಳಕು ಅದಕ್ಕಿಲ್ಲ. ಆಕಾಶದ ಯಾವ ಮೂಲೆಯಲ್ಲಿದೆ ಎಂದು ಗೊತ್ತು, ಯಾವ ತಿಂಗಳಲ್ಲಿ ಆಲ್ಕೊಳದ ನಮ್ಮ ಮನೆಯ ತಾರಸಿಯ ಮೇಲೆ ಹಾದುಹೋಗುತ್ತದೆ ಎಂದೂ ಗೊತ್ತು. ಆದರೆ ಅದರ ಜೊತೆಗಿನ ನನ್ನ ಒಡನಾಟವೆಲ್ಲ ಹಗಲು ಹೊತ್ತಿನದು. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನ ಇ.ಸಿ.ಜಿ. ಕೋಣೆಯಲ್ಲಿ.

ನಾನು ಅಲ್ಲಿ ಟೆಕ್ನಿಷಿಯನ್. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮನೆಯ ಪರಿಸ್ಥಿತಿಯಿಂದ ಕಾಲೇಜು ಬಿಟ್ಟು, ಬೇಗ ಕೆಲಸ ಸಿಗುತ್ತದೆಂದು ಡಿಪ್ಲೊಮಾ ಮಾಡಿಕೊಂಡವಳು. ಹದಿನೈದು ವರ್ಷಗಳಿಂದ ಜನರ ಎದೆಗೆ ಜೆಲ್ಲಿ ಹಚ್ಚಿ, ಕೈಕಾಲಿಗೆ ಕ್ಲಿಪ್ಪು ಹಾಕಿ, ಮಾತಾಡಬೇಡಿ, ಉಸಿರು ಮಾಮೂಲಿಯಾಗಿ ಬಿಡಿ ಎಂದು ಹೇಳುತ್ತ ಬಂದಿದ್ದೇನೆ. ಗುಲಾಬಿ ಚೌಕುಳಿಯ ಕಾಗದದ ಮೇಲೆ ಓಡುವ ಗೆರೆಯನ್ನು ನೋಡಿ ನೋಡಿ ಕಣ್ಣಿಗೆ ಒಂದು ಅಭ್ಯಾಸವಾಗಿಬಿಟ್ಟಿದೆ. ಯಾವ ಏರಿಳಿತ ಹೃದಯದ್ದು, ಯಾವುದು ಸಡಿಲವಾದ ಕ್ಲಿಪ್ಪಿನದ್ದು, ಯಾವುದು ಚಳಿಗೆ ನಡುಗಿದ ತೋಳಿನದ್ದು ಎಂದು ಯೋಚಿಸದೆಯೇ ತಿಳಿಯುತ್ತದೆ.

ಹೊರರೋಗಿಗಳು ಎರಡು ಗಂಟೆಗೆ ಮುಗಿಯುತ್ತಾರೆ. ಆಮೇಲೆ ಕಟ್ಟಡಕ್ಕೆಲ್ಲ ಒಂದು ಮಂಪರು ಕವಿಯುತ್ತದೆ. ಆಯಾ ಬೆಂಚಿನ ಮೇಲೆ ಕೂತಲ್ಲೇ ತೂಗುತ್ತಾಳೆ, ಹಸಿರು ಪರದೆ ಗಾಳಿಗೆ ಉಬ್ಬಿ ಇಳಿಯುತ್ತದೆ, ಕೋಣೆಯಲ್ಲಿ ಕೊಳದ ತಳದಲ್ಲಿದ್ದಂಥ ಬೆಳಕು. ಅಂಥ ಒಂದು ಮಧ್ಯಾಹ್ನ, ಊಟದ ಡಬ್ಬಿಯ ಕೆಳಗೆ ಹಾಸಿದ್ದ ಹಳೆಯ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಆಕಾಶದಲ್ಲಿ ಸುತ್ತುತ್ತಿರುವ ದೂರದರ್ಶಕವೊಂದು ಲಕ್ಷಗಟ್ಟಲೆ ನಕ್ಷತ್ರಗಳ ಬೆಳಕನ್ನು ಅಳೆದು ಗ್ರಾಫುಗಳನ್ನು ಕಳಿಸುತ್ತಿದೆಯಂತೆ. ಅಷ್ಟನ್ನೂ ನೋಡಲು ವಿಜ್ಞಾನಿಗಳಿಗೆ ಪುರುಸೊತ್ತಿಲ್ಲ, ಕಂಪ್ಯೂಟರಿಗೆ ಕೆಲವೊಮ್ಮೆ ತಿಳಿಯುವುದಿಲ್ಲ, ಹಾಗಾಗಿ ಆಸಕ್ತಿ ಇರುವ ಯಾರು ಬೇಕಾದರೂ ನೋಡಿ ಸಹಾಯ ಮಾಡಬಹುದಂತೆ. ಗ್ರಾಫು ಎಂಬ ಮಾತು ನನ್ನನ್ನು ಹಿಡಿಯಿತು. ಕೋಣೆಯ ಕಂಪ್ಯೂಟರಿನಲ್ಲಿ ನೋಡಬಹುದೇ ಎಂದು ಡಾಕ್ಟರನ್ನು ಕೇಳಿದೆ. ಪೇಷಂಟ್ ಬಂದಾಗ ಎದ್ದರೆ ಸಾಕು ಎಂದರು.

ಕೆಲಸ ಸರಳ. ಪರದೆಯ ಮೇಲೆ ಒಂದು ನಕ್ಷತ್ರದ ಬೆಳಕು ಸಾಲು ಸಾಲು ಚುಕ್ಕಿಗಳಾಗಿ ಹರಡಿರುತ್ತದೆ, ಸುಮಾರು ನಾಲ್ಕು ವಾರಗಳ ಬೆಳಕು. ನಕ್ಷತ್ರಕ್ಕೂ ನಮಗೂ ನಡುವೆ ಅದರ ಗ್ರಹವೊಂದು ಅಡ್ಡ ಹಾದರೆ ಬೆಳಕು ಒಂದಿಷ್ಟು ಕುಂದಿ, ಕೆಲವು ಗಂಟೆಗಳ ನಂತರ ಮತ್ತೆ ಮೊದಲಿನಂತಾಗುತ್ತದೆ. ಚುಕ್ಕಿಗಳ ಸಾಲಿನಲ್ಲಿ ಒಂದು ಚಿಕ್ಕ ತಗ್ಗು. ಅದನ್ನು ಗುರುತು ಹಾಕಬೇಕು, ಅಷ್ಟೇ. ಕೆಲವು ನಕ್ಷತ್ರಗಳ ಬೆಳಕು ನಿದ್ದೆ ಮಾಡುವ ಮಗುವಿನ ಹೊಟ್ಟೆಯ ಹಾಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಕೆಲವಂತೂ ಸುಮ್ಮನೆ, ಅಲ್ಲಾಡದೆ. ಒಂದಾದ ಮೇಲೊಂದು ನೋಡುತ್ತ ಹೋದರೆ ನಾಲ್ಕು ಗಂಟೆ ಆದದ್ದೇ ತಿಳಿಯುತ್ತಿರಲಿಲ್ಲ.

ಬಸ್ ಡಿಪೋದಲ್ಲಿ ಕೆಲಸ ಮಾಡುವ ನನ್ನ ಗಂಡ ಸಂಜೆ ಕೇಳುತ್ತಿದ್ದರು, "ಇವತ್ತು ಯಾವ ನಕ್ಷತ್ರಕ್ಕೆ ಬಿ.ಪಿ. ಜಾಸ್ತಿ ಆಗಿತ್ತು ಮಾರಾಯ್ತಿ?"

ಮೊದಲ ವರ್ಷವೇ ಒಂದು ದೊಡ್ಡ ತಗ್ಗು ಸಿಕ್ಕಿ, ನಾನು ಗ್ರಹ ಕಂಡುಹಿಡಿದೆನೆಂದು ನರ್ಸಿಂಗ್ ಹೋಮಿಗೆಲ್ಲ ಮೈಸೂರ್‌ಪಾಕು ಹಂಚಿಬಿಟ್ಟೆ. ವಾರದೊಳಗೆ ಬಲ್ಲವರು ಬರೆದರು, ಅವು ಒಂದನ್ನೊಂದು ಮರೆಮಾಡುತ್ತ ಸುತ್ತುವ ಎರಡು ನಕ್ಷತ್ರಗಳು, ತಗ್ಗಿನ ತುದಿ ಚೂಪಾಗಿದ್ದರೆ ಸಾಮಾನ್ಯವಾಗಿ ಹಾಗೆಯೇ ಎಂದು. ತಿಂದವರು ಯಾರೂ ಏನೂ ಅನ್ನಲಿಲ್ಲ. ನಾನೇ ನಾಚಿ, ಆಮೇಲೆ ಈ ವಿಷಯವನ್ನು ಯಾರ ಹತ್ತಿರವೂ ಎತ್ತುವುದನ್ನು ಬಿಟ್ಟೆ.

ಎರಡು ವರ್ಷದ ನಂತರದ ಮಾತು. ಮಳೆ ಹಿಡಿಯುವ ಮುಂಚಿನ ದಿನಗಳು, ಸೆಕೆ. ಪರದೆಯ ಮೇಲೆ ಒಂದು ಶಾಂತ ನಕ್ಷತ್ರ. ಅದರ ಸಾಲಿನ ಮುಕ್ಕಾಲು ಭಾಗ ಕಳೆದ ಮೇಲೆ ಒಂದೇ ಒಂದು ತಗ್ಗು ಇತ್ತು. ಅಂಚುಗಳು ಕಡಿದಾಗಿ ಇಳಿದು, ತಳ ತಟ್ಟೆಯ ಹಾಗೆ ಚಪ್ಪಟೆಯಾಗಿ, ಮತ್ತೆ ಕಡಿದಾಗಿ ಏರಿತ್ತು. ಇದು ಯಂತ್ರದ ನಡುಕವಲ್ಲ ಎಂದು ನನ್ನ ಕಣ್ಣು ಮೊದಲೇ ಹೇಳಿತು. ಗುರುತು ಹಾಕಿ, ಕೆಳಗೆ ಎರಡು ಸಾಲು ಬರೆದು, ಹಾಗೇ ನೋಡುತ್ತ ಕುಳಿತೆ. ಎಲ್ಲೋ ಒಂದು ದೊಡ್ಡ ಕತ್ತಲು ಉಂಡೆ ಒಂದು ಸೂರ್ಯನ ಮುಖದ ಮೇಲೆ ಹೊತ್ತುಗಟ್ಟಲೆ ತೇಲಿಹೋಗಿದೆ. ಆ ನೆರಳು ಇಷ್ಟು ವರ್ಷ ನಡೆದು ಬಂದು ಈ ಕೋಣೆಯ ಮೇಜಿನ ಮೇಲೆ ಬಿದ್ದಿದೆ. ಮೈಯೆಲ್ಲ ಹಗುರಾದಂತೆ ಇತ್ತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಭದ್ರಾವತಿಯಿಂದ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದ ಹಿರಿಯರು. ಎತ್ತರದ, ಸಣಕಲು ಮನುಷ್ಯ, ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು ಎಂದಷ್ಟೇ ಅವರ ಫೈಲಿನಿಂದ ಗೊತ್ತಿತ್ತು. ಡಾಕ್ಟರು ಇನ್ನೂ ಬಂದಿರಲಿಲ್ಲ, ಇ.ಸಿ.ಜಿ.ಯನ್ನಾದರೂ ಮೊದಲು ಮುಗಿಸಿಕೊಳ್ಳೋಣವೆಂದು ಒಳಗೆ ಬಂದಿದ್ದರು. ಮಂಚದ ಮೇಲೆ ಮಲಗುತ್ತಲೇ ಅವರ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು.

"ಇದು ಯಾರ ಗ್ರಾಫಮ್ಮಾ? ಮನುಷ್ಯರದ್ದು ಹೀಗಿರಲ್ಲ."

"ನಕ್ಷತ್ರದ್ದು ಸರ್," ಎಂದೆ. ಎದೆಗೆ ಯಂತ್ರದ ರಬ್ಬರು ಬಟ್ಟಲುಗಳನ್ನು ಅಂಟಿಸುತ್ತಲೇ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಇನ್ನು ಮಾತಾಡಬೇಡಿ ಎಂದು ಗುಂಡಿ ಒತ್ತಿದೆ. ಅವರು ತುಟಿ ಬಿಗಿಹಿಡಿದು ಸೂರು ನೋಡುತ್ತ ಮಲಗಿದ್ದರು. ಅಂದಿನ ಕಾಗದದಲ್ಲಿ ಅವರ ಎದೆಬಡಿತ ಎಂದಿಗಿಂತ ಜೋರಾಗಿ ಬಂದಿದೆ. ಯಂತ್ರ ನಿಂತ ಕೂಡಲೇ ತಲೆ ಎತ್ತಿ ಕೇಳಿದರು, "ತೂಕ ಎಷ್ಟು?"

ನನಗೆ ಅರ್ಥವಾಗಲಿಲ್ಲ.

"ಅಡ್ಡ ಬಂತು ಅಂದ್ಯಲ್ಲ, ಅದರ ತೂಕ."

ತಗ್ಗಿನ ಆಳದಿಂದ ಅದು ನಮ್ಮ ಗುರು ಗ್ರಹದಷ್ಟು ದಪ್ಪ ಇರಬಹುದೆಂದು ಹೇಳಬಹುದು, ತೂಕ ಮಾತ್ರ ನೆರಳಿನಿಂದ ತಿಳಿಯುವುದಿಲ್ಲ ಎಂದೆ. ಅವರು ಎದ್ದು ಕೂತು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, ತಿಳಿಯುತ್ತದೆ, ಗೆರೆಗಳಿಂದ ತಿಳಿಯುತ್ತದೆ ಎಂದರು. ಒಂದು ಭಾನುವಾರ ಮನೆಗೆ ಬಾ, ತೋರಿಸುತ್ತೇನೆ ಎಂದು ಇ.ಸಿ.ಜಿ. ಚೀಟಿಯ ಹಿಂದೆ ವಿಳಾಸ ಬರೆದುಕೊಟ್ಟರು.

ಹೋಗಬೇಕೋ ಬೇಡವೋ ಎಂದು ಎರಡು ವಾರ ಅನುಮಾನಿಸಿ, ಮೂರನೇ ಭಾನುವಾರ ಬೆಳಿಗ್ಗೆಯ ರೈಲು ಹತ್ತಿದೆ. ಅರ್ಧ ಗಂಟೆಯ ದಾರಿಯೂ ಅಲ್ಲ. ರಾತ್ರಿ ಸಣ್ಣ ಮಳೆ ಬಂದು ನಿಂತಿತ್ತು. ಕಿಟಕಿಯಾಚೆ ಗದ್ದೆಗಳಲ್ಲಿ ನೀರು ನಿಂತು, ಪ್ರತಿ ಮಡಿಯಲ್ಲೂ ಒಂದೊಂದು ತುಂಡು ಆಕಾಶ ನನ್ನ ಜೊತೆ ಓಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಲ್ಲಿಗೆ ಕಟ್ಟುತ್ತಿದ್ದಳು. ಎಲ್ಲಿಗೆ ಎಂದು ಕೇಳಿದಳು. ನಂಟರ ಮನೆಗೆ ಎಂದುಬಿಟ್ಟೆ.

ಅವರ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ಸಾಲಿನಲ್ಲಿತ್ತು. ಬಾಗಿಲು ತೆಗೆದದ್ದು ಅವರ ಹೆಂಡತಿ. ದುಂಡಗಿನ, ನಗುಮುಖದ ಹೆಂಗಸು. ಅಪ್ಪನ ಕಾಲದಲ್ಲೇ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದ ಮನೆತನದವರು. ಗಂಡನ ಜೊತೆ ಕನ್ನಡ, ಬೆಕ್ಕಿನ ಜೊತೆ ತಮಿಳು. ಅಂದು ನನಗೆ ಕಾಫಿ ಕೊಟ್ಟು, ಮೂರು ತಿಂಗಳಿಗೊಮ್ಮೆ ಇವರ ಎದೆ ನೋಡುವವಳು ನೀನೇನಾ ಎಂದು ಕೈಹಿಡಿದು ಕೂರಿಸಿಕೊಂಡರು.

ಹಿರಿಯರು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದು, ಅದರೊಳಗಿನ ಬಟ್ಟೆಯ ಮಡಿಕೆ ಬಿಚ್ಚಿ, ಅಂಗೈಯಗಲದ ಉದ್ದನೆಯ ಗಾಜಿನ ಹಲಗೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ತುಂಬ ಕೂದಲೆಳೆಯಂಥ ಕಪ್ಪು ಗೆರೆಗಳು, ನೂರಾರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಲುಮೆಯಿಂದ ಬಂದ ಲೋಹದ ತುಂಡಿಗೆ ಕಿಡಿ ಹಾರಿಸಿ, ಆ ಬೆಳಕನ್ನು ಒಡೆದು ಇಂಥ ಗಾಜಿನ ಮೇಲೆ ಇಳಿಸುತ್ತಿದ್ದರಂತೆ. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ಅದರದೇ ಜಾಗ. ಗೆರೆ ನೋಡಿ ಇದರಲ್ಲಿ ಮ್ಯಾಂಗನೀಸ್ ಇದೆ, ಕ್ರೋಮಿಯಂ ಇದೆ ಎಂದು ಬರೆದು ಕಳಿಸುವುದು ಅವರ ಕೆಲಸ. ಆಮೇಲೆ ಯಂತ್ರಗಳೇ ಅಂಕಿ ಕೊಡತೊಡಗಿದವು. ಹಳೆಯ ಗಾಜುಗಳನ್ನು ಎಸೆಯುವಾಗ ಇದೊಂದನ್ನು ಕೇಳಿ ತಂದುಕೊಂಡಿದ್ದರು.

"ಇದಿಷ್ಟೂ ಕಬ್ಬಿಣದ ಗೆರೆಗಳು," ಎಂದರು. "ನಿನ್ನ ನಕ್ಷತ್ರದ ಬೆಳಕು ಒಡೆದ್ರೂ ಇವೇ ಇರ್ತವೆ. ಆದ್ರೆ ನಕ್ಷತ್ರ ನಮ್ಮ ಕಡೆ ಒಂದು ಹೆಜ್ಜೆ ಬಂದ್ರೆ ಗೆರೆ ಒಂದಿಷ್ಟು ಆ ಕಡೆ ಜರುಗ್ತದೆ, ಹಿಂದೆ ಹೋದ್ರೆ ಈ ಕಡೆ."

ನಕ್ಷತ್ರ ಯಾಕೆ ಹೆಜ್ಜೆ ಹಾಕುತ್ತದೆ ಎಂದು ಕೇಳಿದೆ. ಅವರು ನನ್ನನ್ನೂ ಹೆಂಡತಿಯನ್ನೂ ಅಂಗಳಕ್ಕೆ ಕರೆದು, ಎದುರುಬದುರು ನಿಲ್ಲಿಸಿ, ಹುಡುಗಿಯರು ಆಡುವ ಹಾಗೆ ಕೈಕೈ ಹಿಡಿದು ಗಿರಗಿರ ತಿರುಗಿ ಎಂದರು. ಆಕೆ ಪೈತ್ಯಂ, ಪೈತ್ಯಂ ಎಂದರು. ಹುಚ್ಚು ಎನ್ನುವುದಕ್ಕೆ ಅವರ ಮಾತು. ಆದರೂ ಸೆರಗು ಸಿಕ್ಕಿಸಿಕೊಂಡು ತಯಾರಾದರು. ತಿರುಗಿದೆವು. ಸಂಪಿಗೆ ಮರ, ಬಾವಿಕಟ್ಟೆ, ಒಣಹಾಕಿದ ಬಟ್ಟೆ, ಹಿರಿಯರ ನಗುವ ಮುಖ ಎಲ್ಲ ಒಂದೇ ಪಟ್ಟಿಯಾಗಿ ಹರಿಯಿತು. ಆಕೆ ಭಾರ, ನಾನು ಹಗುರ. ಆಕೆ ನಿಂತಲ್ಲೇ ತಿರುಗಿದರೆ ನಾನು ದೂರ ದೂರ ಕಾಲು ಹಾಕುತ್ತ ಓಡಬೇಕಾಗಿತ್ತು. ಆದರೆ ಆಕೆಯೂ ಪೂರ್ತಿ ನಿಂತಲ್ಲೇ ಇರಲಿಲ್ಲ, ನನ್ನ ಎಳೆತಕ್ಕೆ ಒಂದೊಂದು ಗೇಣು ವಾಲುತ್ತಿದ್ದರು.

ನಾವು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತ ಮೇಲೆ ಹಿರಿಯರು ಹೇಳಿದರು, ನಕ್ಷತ್ರ ವಾಲುವುದೂ ಹಾಗೆ, ಸುತ್ತುವ ವಸ್ತು ಭಾರವಾದಷ್ಟೂ ಜಾಸ್ತಿ ವಾಲುತ್ತದೆ, ಎಷ್ಟು ವಾಲಿತು ಎಂಬುದರಲ್ಲಿ ತೂಕ ಇದೆ ಎಂದು. ಪುಸ್ತಕದಲ್ಲಿ ಓದಿದ್ದರೆ ಇದು ನನಗೆ ಇಷ್ಟು ನಾಟುತ್ತಿರಲಿಲ್ಲ. ಸಂಜೆ ಮನೆ ಮುಟ್ಟಿದ ಮೇಲೂ ಆ ಅಂಗಳ ಕಣ್ಣಲ್ಲಿ ನಿಧಾನವಾಗಿ ತಿರುಗುತ್ತಲೇ ಇತ್ತು.

ಆಮೇಲೆ ಕಾಯುವುದೇ ಕೆಲಸವಾಯಿತು. ಒಂದೇ ತಗ್ಗಿನಿಂದ ಏನೂ ಸಾಬೀತಾಗುವುದಿಲ್ಲ. ದೂರದರ್ಶಕ ಆಕಾಶದ ಬೇರೆ ಕಡೆ ಮುಖ ತಿರುಗಿಸಿಕೊಂಡಿತ್ತು. ಹಿರಿಯರು ಶಿವಮೊಗ್ಗಕ್ಕೆ ಬಂದಾಗಲೆಲ್ಲ ಇ.ಸಿ.ಜಿ. ಕೋಣೆಗೆ ಹಣಕಿ, ಮತ್ತೆ ಬಂತಾ ಎಂದು ಕೇಳಿ ಹೋಗುತ್ತಿದ್ದರು. ಮರುವರ್ಷ ಅದೇ ನಕ್ಷತ್ರದ ಹೊಸ ಗ್ರಾಫು ಬಂತು. ಅದರಲ್ಲಿ ಅದೇ ಆಳದ, ಅದೇ ತಟ್ಟೆಯಾಕಾರದ ತಗ್ಗು. ಅದನ್ನು ನನಗಿಂತ ಮೊದಲು ಬೇರೆ ದೇಶದ ಒಬ್ಬರು ಗುರುತಿಸಿದ್ದರು. ಬೇಸರವೇನೂ ಆಗಲಿಲ್ಲ. ಊರಲ್ಲಿ ಕಂಡ ಮುಖವನ್ನು ಪರಸ್ಥಳದಲ್ಲಿ ಮತ್ತೊಬ್ಬರು ಗುರುತು ಹಿಡಿದ ಹಾಗೆ ಖುಷಿಯಾಯಿತು. ಕೆಲವೇ ದಿನಗಳಲ್ಲಿ ವಿಜ್ಞಾನಿಗಳ ತಂಡದಿಂದ ಒಂದು ಸಂದೇಶವೂ ಬಂತು. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ಆ ನಕ್ಷತ್ರದ ಗೆರೆಗಳನ್ನು ಅಳೆಯಲು ಶುರುಮಾಡಿದ್ದಾರೆ, ತಿಂಗಳುಗಳು ಹಿಡಿಯಬಹುದು ಎಂದು.

ಇದನ್ನು ಹೇಳಬೇಕೆಂದು ನಾನು ಹಿರಿಯರ ಮುಂದಿನ ತಪಾಸಣೆಯ ದಿನವನ್ನೇ ಕಾಯುತ್ತಿದ್ದೆ. ಅವರು ಬಂದರು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಸುಸ್ತು ಎಂದರು. ಮಲಗಿಸಿ, ಗೆರೆಗಳನ್ನು ಅಳೆಯುತ್ತಿದ್ದಾರಂತೆ ಸರ್ ಎಂದೆ. ಮುಖ ಅರಳಿತು. ಗುಂಡಿ ಒತ್ತಿದೆ. ಕಾಗದ ಸರಿಯತೊಡಗಿತು. ಪ್ರತಿ ಬಡಿತದ ನಂತರ ಸಮನಾಗಿ ಓಡಬೇಕಾದ ಗೆರೆ ಕೆಳಕ್ಕೆ ಕುಸಿದಿತ್ತು. ಬಟ್ಟಲುಗಳನ್ನು ಒತ್ತಿ ನೋಡಿದೆ, ಕ್ಲಿಪ್ಪು ಬಿಚ್ಚಿ ಮತ್ತೆ ಹಾಕಿದೆ. ಎರಡನೇ ಸಲವೂ ಹಾಗೇ ಬಂತು.

ಅವರು ನನ್ನ ಮುಖ ನೋಡುತ್ತಿದ್ದರು. "ನಿಜದ್ದಾ, ಇಲ್ಲಾ ಕ್ಲಿಪ್ ಸಡಿಲಾನಾ?"

ಪೇಷಂಟಿಗೆ ನಾವು ಏನನ್ನೂ ಹೇಳುವಂತಿಲ್ಲ. "ಡಾಕ್ಟರು ಹೇಳ್ತಾರೆ ಸರ್, ನೀವು ಏಳಬೇಡಿ," ಎಂದಷ್ಟೇ ಹೇಳಿ, ಕಾಗದ ಹಿಡಿದು ಕಾರಿಡಾರಿನಲ್ಲಿ ಓಡಿದೆ.

ಅರ್ಧ ಗಂಟೆಯೊಳಗೆ ಅವರನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅವರ ಹೆಂಡತಿಗೆ ಫೋನ್ ಮಾಡಿದವಳು ನಾನೇ. ರಜೆ ಕೇಳಿಕೊಂಡು ಅಲ್ಲಿಗೆ ಹೋದೆ. ಆಕೆ ಒಬ್ಬರೇ ಬಸ್ಸಿನಲ್ಲಿ ಬಂದು, ಹೊರಗಿನ ಕುರ್ಚಿಯಲ್ಲಿ ನನ್ನ ಪಕ್ಕ ಕುಳಿತರು. ಗಾಜಿನ ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಒಂದು ತುಂಡು ಬಿಸಿಲು ನಮ್ಮ ಕಾಲ ಹತ್ತಿರ ಬಂದು ಹೋಗುತ್ತಿತ್ತು. ಎರಡು ಸ್ಟೆಂಟು ಹಾಕಿದರು. ಸಂಜೆ ಡಾಕ್ಟರು ಹೊರಗೆ ಬಂದು, ತಕ್ಷಣ ಕರೆತಂದದ್ದು ಒಳ್ಳೆಯದಾಯಿತು ಎಂದಾಗ ಆಕೆ ತನ್ನ ಭಾಷೆಯಲ್ಲಿ ಏನೋ ಹೇಳುತ್ತ ನನ್ನ ಗಲ್ಲ ಸವರಿದರು. ನಾನು ಆಗ ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಹಿರಿಯರು ಆಸ್ಪತ್ರೆಯಿಂದ ಮನೆಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಒಂದು ಮಧ್ಯಾಹ್ನ ತಂಡದಿಂದ ಉದ್ದನೆಯ ಪತ್ರ ಬಂತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನನ್ನ ನೆರಳು ನಿಜ. ಗಾತ್ರ ಗುರುವಿನಷ್ಟೇ. ಆದರೆ ಭಾರ ಮಾತ್ರ ಗುರುವಿಗಿಂತ ಹತ್ತಾರು ಪಟ್ಟು. ಆದ್ದರಿಂದ ಅದು ಗ್ರಹವಲ್ಲ. ನಕ್ಷತ್ರವೂ ಅಲ್ಲ, ಒಡಲಲ್ಲಿ ಬೆಂಕಿ ಹೊತ್ತಿ ನಿಲ್ಲಲು ಅದರ ಭಾರ ಸಾಲದು. ನಡುವಿನದು. ಕಂದು ಕುಬ್ಜ ಎನ್ನುತ್ತಾರೆ.

ಗ್ರಹವಲ್ಲ ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನಲ್ಲಿ ಆ ಉಂಡೆಗೆ ಮೋಡ ಕಟ್ಟಿದ್ದೆ, ಉಂಗುರ ತೊಡಿಸಿದ್ದೆ, ಸುತ್ತ ಒಂದೆರಡು ಚಂದ್ರರನ್ನು ಬಿಟ್ಟಿದ್ದೆ. ಕುಬ್ಜ ಎಂಬ ಹೆಸರೇ ಹಿಡಿಸಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು ಎಂದಿನಂತೆ ಹಾಸ್ಯ ಮಾಡಲಿಲ್ಲ. ಹಿರಿಯರಿಗೆ ಹೋಗಿ ಹೇಳು ಎಂದರು.

ಭಾನುವಾರ ಭದ್ರಾವತಿಗೆ ಹೋದೆ. ಅವರು ಜಗಲಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ಇಳಿದುಹೋಗಿದ್ದರು, ಆದರೆ ಕಣ್ಣು ಚುರುಕಾಗಿತ್ತು. ಗ್ರಹ ಅಲ್ಲವಂತೆ ಸರ್ ಎಂದು ಶುರುಮಾಡಿದೆ.

"ತೂಕ ಸಿಕ್ತಾ?"

"ಸಿಕ್ತು."

ಪತ್ರ ಕೊಟ್ಟೆ. ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಎರಡನೇ ಪುಟದಲ್ಲಿ ಗೆರೆಗಳ ಜರುಗುವಿಕೆಯನ್ನು ತೋರಿಸುವ ಒಂದು ಚಿತ್ರವಿತ್ತು, ಅಲೆಯ ಹಾಗೆ ಏರಿ ಇಳಿಯುವ ಗೆರೆ. ಅದರ ಮೇಲೆ ಬೆರಳು ಓಡಿಸಿದರು. ಎಷ್ಟು ವಾಲಿದೆ ನೋಡು ಎಂದು ಹೆಂಡತಿಯನ್ನು ಕರೆದು ತೋರಿಸಿದರು. ಆಮೇಲೆ ನನ್ನ ಮುಖ ನೋಡಿ, ನಿನಗ್ಯಾಕೆ ಬೇಜಾರು ಎಂದರು.

ಗ್ರಹ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಎಂದೆ.

ಅವರು ಲ್ಯಾಬಿನ ಕಾಲದ ಮಾತು ತೆಗೆದರು. ಕುಲುಮೆಯವರು ಒಂದು ಬಗೆಯ ಉಕ್ಕು ಆಗಿದೆ ಎಂದು ನಂಬಿ ತುಂಡು ಕಳಿಸುತ್ತಿದ್ದರಂತೆ, ಇವರ ಗಾಜಿನಲ್ಲಿ ಬೇರೆಯೇ ಬರುತ್ತಿತ್ತಂತೆ. ಜಗಳಕ್ಕೆ ಬರುತ್ತಿದ್ದರು. "ನಾವು ಇರೋದನ್ನ ಇದೆ ಅಂತ ಬರೆದು ಕಳಿಸ್ತಿದ್ವಿ, ಅಷ್ಟೇ. ಅವರು ಅಂದ್ಕೊಂಡಿದ್ದು ಬರಲಿಲ್ಲ ಅಂತ ಸ್ಯಾಂಪಲ್ ಕೆಟ್ಟಿದ್ದು ಅಂತ ಅಲ್ಲಮ್ಮ. ಅದು ಅದರ ಪಾಡಿಗೆ ಏನೋ ಆಗಿರ್ತದೆ."

ಹಾಗೆಂದು ಪತ್ರದ ಕೊನೆಯ ಭಾಗವನ್ನು ನನ್ನ ಕಡೆ ತಿರುಗಿಸಿದರು. ಅದನ್ನು ನಾನು ಬೇಸರದಲ್ಲಿ ಸರಿಯಾಗಿ ಓದಿರಲಿಲ್ಲ. ಬೇರೆ ನಕ್ಷತ್ರಗಳ ಸುತ್ತ ಗ್ರಹಗಳು ಸಾವಿರಗಟ್ಟಲೆ ಸಿಕ್ಕಿವೆ, ಆದರೆ ನಕ್ಷತ್ರಕ್ಕೆ ಅಡ್ಡ ಹಾದು ಹೋಗುವ ಇಂಥ ನಡುವಿನವು ತೀರಾ ಕಡಿಮೆ, ಅವು ಹೇಗೆ ಹುಟ್ಟುತ್ತವೆಂದೂ ಸರಿಯಾಗಿ ತಿಳಿದಿಲ್ಲ, ಆದ್ದರಿಂದ ಇದು ಸಿಕ್ಕದ್ದು ನಮಗೆಲ್ಲ ಬಹಳ ಸಂತೋಷ ಎಂದು ಬರೆದಿದ್ದರು. ಮೊದಲು ಗುರುತಿಸಿದವರ ಸಾಲಿನಲ್ಲಿ ಸೇರಿಸಲು ನನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಕೇಳಿದ್ದರು. ಅವರ ಹೆಂಡತಿ ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಪಥ್ಯದಲ್ಲಿದ್ದ ಗಂಡನಿಗೆ ಕೊಡಲಿಲ್ಲ.

ಚಳಿಗಾಲ ಕಳೆದ ಮೇಲೆ ಹಿರಿಯರಿಗೆ ಹೊರಗೆ ಅಡ್ಡಾಡಲು ಡಾಕ್ಟರು ಒಪ್ಪಿಗೆ ಕೊಟ್ಟರು. ನನ್ನ ಗಂಡ ಗೆಳೆಯನೊಬ್ಬನ ಕಾರು ತಂದರು. ನಾವು ನಾಲ್ವರೂ ಒಂದು ಮಧ್ಯಾಹ್ನ ಗಾಜನೂರಿಗೆ ಹೋದೆವು. ಅಣೆಕಟ್ಟಿನ ಹತ್ತಿರ ಮರದ ನೆರಳಲ್ಲಿ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ತುಂಗೆ ತುಂಬಿ, ಅಲುಗದೆ, ಬಿಸಿಲನ್ನು ಹೊದ್ದು ಮಲಗಿದ್ದಳು. ಹಿರಿಯರು ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ನಿದ್ದೆಹೋದರು. ನನ್ನ ಗಂಡ ನೀರಿನ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕುಳಿತರು.

ಆಕೆ ಊಟದ ಎಲೆ ಮಡಚುತ್ತ ನನ್ನನ್ನು ಕೇಳಿದರು, ಅದು ಹತ್ತಿರದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು. ಇಷ್ಟು ದಿನ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಂದು ಮಗ್ಗುಲಿಗೆ ಅದರ ನಕ್ಷತ್ರದ ಬಿಸಿಲು ಬಡಿಯುತ್ತಿರುತ್ತದೆ, ಹಿಂದಿನ ಮಗ್ಗುಲಿಗೆ ಬಿಸಿಲಿಲ್ಲ, ಆದರೆ ಪೂರ್ತಿ ಕತ್ತಲೂ ಇಲ್ಲ, ಹುಟ್ಟಿದಾಗಿನ ಕಾವು ಇನ್ನೂ ಆರದೆ ಮಂಕು ಕೆಂಪಾಗಿರುತ್ತದಂತೆ ಎಂದೆ. ಕಾಲಿಡಲು ನೆಲವಿಲ್ಲ, ಬರೀ ಆಳವಾದ ಬಿಸಿ ಮೋಡ.

ಆಕೆ ಮಡಚಿದ ಎಲೆಯನ್ನು ಪಕ್ಕಕ್ಕಿಟ್ಟು ನದಿಯ ಆಚೆ ದಡದ ಕಡೆ ನೋಡಿದರು.

"ಹಂಗಾದ್ರೆ ಆ ಹಿಂದಿನ ಕಡೆ ಯಾವಾಗಲೂ ಸಂಜೆಯೇ," ಎಂದರು.

ಹೌದು ಅಮ್ಮ, ಎಂದೆ. ಗಾಳಿ ಬಂದು ನೀರಿನ ಮೇಲೆ ಸಣ್ಣ ನಿರಿಗೆಗಳು ಎದ್ದವು. ಆಕೆ ಗಂಡನ ಮುಖದ ಮೇಲಿಂದ ಜಾರಿದ್ದ ಕರವಸ್ತ್ರವನ್ನು ಸರಿಮಾಡಿ, ಅವರು ಏಳುವವರೆಗೆ ಇಲ್ಲೇ ಇರೋಣ ಎಂದರು. ನಾನೂ ಚಾಪೆಯ ತುದಿಯಲ್ಲಿ ಮೈಚಾಚಿದೆ.